ಕೊಸರು ಹಾಕುವ ಕೈ

ಕಲ್ಕತ್ತೆಗೆ ಬಂದ ಮೊದಲ ವಾರವೇ, ಬೆಳಕು ಹರಿಯುವ ಮುನ್ನ, ಐಸು ತುಂಬಿದ ಡಬ್ಬಿ ಹಿಡಿದು ಮೇಕೆ ಕಡಿಯುವ ಓಣಿಯಲ್ಲಿ ನಿಂತಿದ್ದೆ. ಚನ್ನರಾಯಪಟ್ಟಣದ ನಮ್ಮ ಮನೆಯಲ್ಲಿ ಮೊಟ್ಟೆ ಎಂಬ ಮಾತನ್ನೂ ಹೊಸ್ತಿಲು ದಾಟಿಸಿದವರಿಲ್ಲ. ಕೊರಳಲ್ಲಿ ಲಿಂಗದ ಕರಡಿಗೆ, ಕಾಲಲ್ಲಿ ಮಳೆಗಾಲದ ರಬ್ಬರ್ ಚಪ್ಪಲಿ, ಎದುರಿಗೆ ಸಾಲಾಗಿ ತೂಗುಹಾಕಿದ ಮೇಕೆಗಳು. ಅಂಗಡಿಯ ಚಾಚಾ ನನ್ನ ಮುಖ ನೋಡಿ, ಹುಡುಗಿ ತಲೆ ಸುತ್ತಿ ಬಿದ್ದೀತು ಎಂದು ಒಂದು ಸ್ಟೂಲು ಎಳೆದು ಕೊಟ್ಟರು. ನಾನು ಕೂರಲಿಲ್ಲ. ಕೂತರೆ ಮತ್ತೆ ಏಳಲಾರೆ ಎಂಬ ಭಯ. "ಮೊಗೊಜ್?" ಎಂದರು ಚಾಚಾ. ಮೊಗೊಜ್ ಎಂದರೆ ಬಂಗಾಳಿಯಲ್ಲಿ ಮಿದುಳು. ಈ ಊರಿನಲ್ಲಿ ನಾನು ಕಲಿತ ಮೊದಲ ಮಾತು ಅದು. ಅನ್ನ, ನೀರು, ಬಸ್ಸು ಎಲ್ಲ ಆಮೇಲೆ ಬಂದವು.

ಊರಿನವರು ಓದುತ್ತಿದ್ದೀರಿ ಎಂದು ಮೊದಲೇ ಹೇಳಿಬಿಡುತ್ತೇನೆ, ಮಿದುಳು ತಿನ್ನುವುದಕ್ಕಲ್ಲ. ನಮ್ಮ ಮೈಯ ಪ್ರತಿ ಜೀವಕೋಶದೊಳಗೂ ಕಣ್ಣಿಗೆ ಕಾಣದಷ್ಟು ಸಣ್ಣ ನಳಿಕೆಗಳಿವೆ. ಮೈಕ್ರೊಟ್ಯೂಬ್ಯೂಲ್ ಎನ್ನುತ್ತಾರೆ. ಕೋಶಕ್ಕೆ ಆಕಾರ ಕೊಡುವುದು ಅವು. ಒಳಗಿನ ಸರಕು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗುವುದು ಅವುಗಳ ಮೇಲೆ. ಒಂದು ಕೋಶ ಎರಡಾಗುವಾಗ ವರ್ಣತಂತುಗಳನ್ನು ಪಾಲು ಮಾಡಿ ಎಳೆದುಕೊಡುವುದೂ ಅವೇ. ಈ ನಳಿಕೆ ಆಗಿರುವುದು ಟ್ಯುಬ್ಯುಲಿನ್ ಎಂಬ ಪ್ರೋಟೀನಿನ ಮಣಿಗಳಿಂದ. ಮಿದುಳಿನಲ್ಲಿ ಅದು ಹೇರಳ. ಹಾಗಾಗಿ ಲ್ಯಾಬಿನಲ್ಲಿ ಸಂಶೋಧನೆ ಮಾಡುವ ನಮ್ಮಂಥವರು ತಾಜಾ ಮೇಕೆ ಮಿದುಳನ್ನು ಐಸಿನಲ್ಲಿಟ್ಟು ತಂದು, ಅರೆದು, ಸೋಸಿ, ಬೆಚ್ಚಗೆ ಮಾಡಿ, ಮತ್ತೆ ತಣ್ಣಗೆ ಮಾಡಿ ಆ ಮಣಿಗಳನ್ನು ಬೇರ್ಪಡಿಸಿಕೊಳ್ಳುತ್ತೇವೆ. ಬೆಚ್ಚಗಾದರೆ ಮಣಿಗಳು ಕೂಡಿ ನಳಿಕೆಯಾಗುತ್ತವೆ, ತಣ್ಣಗಾದರೆ ಬಿಡಿಬಿಡಿಯಾಗುತ್ತವೆ. ತಡವಾದರೆ ಮಿದುಳು ಕೆಡುತ್ತದೆ, ಅದಕ್ಕೇ ಆ ಬೆಳಗಿನ ಓಟ.

ಅಂದೇ ಅವ್ವನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಮುಚ್ಚಿಟ್ಟರೆ ನನಗೆ ಊಟ ಇಳಿಯುವುದಿಲ್ಲ. ನಮ್ಮವ್ವ ಚನ್ನರಾಯಪಟ್ಟಣದ ಪೇಟೆಯಲ್ಲಿ ದನದ ಹಿಂಡಿ, ಬೂಸಾ ಮಾರುವ ಅಂಗಡಿ ನಡೆಸುತ್ತಾಳೆ. ಅಪ್ಪ ಲಾರಿ, ಲೋಡು ಎಂದು ಓಡಾಡಿದರೆ ಗಲ್ಲಾ ಮತ್ತು ತಕ್ಕಡಿ ಅವ್ವನದು. ಎಲ್ಲ ಕೇಳಿಸಿಕೊಂಡು ಅಂದಳು: "ತಿನ್ನಕ್ಕಲ್ವಲ್ಲ, ಕಲಿಯಕ್ಕೆ ತಾನೆ. ಓಗು, ಮಿಂದು ಇಬೂತಿ ಇಟ್ಕೊಂಡು ಲಿಂಗ ಮುಟ್ಟು. ಶಿವಂಗೆ ಗೊತ್ತಾಯ್ತದೆ." ಅಷ್ಟೇ. ನಾನು ಹಾಸ್ಟೆಲಿನ ಬಾತ್‌ರೂಮಿನಲ್ಲಿ ಅತ್ತು, ಮಿಂದು, ವಿಭೂತಿ ಇಟ್ಟುಕೊಂಡು ಮಲಗಿದೆ.

ಹಾಸ್ಟೆಲಿನ ಹುಳಿ ವಾಸನೆ ತಾಳದೆ ಕೆಲವೇ ದಿನದಲ್ಲಿ ಮನೆ ಹುಡುಕಿದೆ. ಹಾಸನದಲ್ಲಿ ಡಿಗ್ರಿ ಓದುವಾಗ ಬಾಡಿಗೆ ಮನೆ ಕೇಳಿದರೆ ಮೊದಲು ಜಾತಿ, ಆಮೇಲೆ ನೀರಿನ ವಿಚಾರ. ಇಲ್ಲಿ ಮೊದಲ ಪ್ರಶ್ನೆ, ಮೀನು ತಿನ್ನುತ್ತೀಯಾ? ಇಲ್ಲ ಎಂದರೆ ಇವಳಿಗೇನು ಕಾಯಿಲೆ ಎಂಬಂತೆ ನೋಡುತ್ತಾರೆ. ಕೊನೆಗೆ ಒಬ್ಬ ವಯಸ್ಸಾದ ಹೆಂಗಸು ಮಹಡಿಯ ಕೋಣೆ ಕೊಟ್ಟರು. ಮಾಶಿಮಾ ಎಂದು ಕರೆಯಬೇಕು, ಚಿಕ್ಕಮ್ಮ ಎಂದ ಹಾಗೆ. ಅವರು ಒಪ್ಪಿದ್ದು ನನ್ನ ಹೆಸರಿಗೆ. ಅಜ್ಜಿಯ ಹೆಸರು ನನಗಿಟ್ಟಿದ್ದಾರೆ, ವಿಶಾಲಾಕ್ಷಿ. ಮಾಶಿಮಾ ಅದನ್ನು ಬಿಶಾಲಾಖ್ಖಿ ಎಂದು ಓದಿ ಕೈಮುಗಿದರು. ಬಂಗಾಳದಲ್ಲಿ ಆ ಹೆಸರಿನ ದೇವಿಗೆ ಗುಡಿಗಳಿವೆಯಂತೆ. ಊರಲ್ಲಿ ಅವ್ವನ ಬಾಯಲ್ಲಿ ನಾನು ಇಸಾಲು, ಶಾಲೆಯ ಹಾಜರಿಯಲ್ಲಿ ವಿಶಾಲಾಕ್ಷಿ, ಇಲ್ಲಿ ಬಿಶಾಲಾಖ್ಖಿ. ಮೂರಕ್ಕೂ ಓ ಅನ್ನುತ್ತೇನೆ.

ಊಟದ ವಿಷಯದಲ್ಲಿ ನನಗೆ ಆಲೂಗಡ್ಡೆ ಕೈಹಿಡಿಯಿತು. ಹಾಸನದ ಕಡೆಯವಳಿಗೆ ಆಲೂಗಡ್ಡೆ ಹೊಸದೇ? ಅರಕಲಗೂಡಿನ ದೊಡ್ಡಮ್ಮನ ಮನೆಯಲ್ಲಿ ಗಡ್ಡೆ ಕೀಳುವ ಕಾಲಕ್ಕೆ ಬೆಳಿಗ್ಗೆ ಪಲ್ಯ, ಮಧ್ಯಾಹ್ನ ಸಾರು, ಸಂಜೆ ಬೋಂಡ. ಆದರೆ ಈ ಜನ ಬಿರಿಯಾನಿಗೂ ಹಾಕುತ್ತಾರೆ, ಮೀನಿಗೂ ಹಾಕುತ್ತಾರೆ. ಮಾಶಿಮಾ ನನಗೆಂದು ಆಲೂ ಪೋಸ್ತೊ ಮಾಡುತ್ತಾರೆ. ಪೋಸ್ತೊ ಎಂದರೆ ಗಸಗಸೆ. ನಮ್ಮಲ್ಲಿ ಗಸಗಸೆ ಹಬ್ಬದ ಪಾಯಸಕ್ಕೆ ಮಾತ್ರ ಡಬ್ಬಿಯಿಂದ ಇಳಿಯುತ್ತದೆ. ಇಲ್ಲಿ ಆಲೂಗಡ್ಡೆಗೆ ಬಳಿದು ಹಬ್ಬವಿಲ್ಲದ ದಿನವೂ ತಿನ್ನುತ್ತಾರೆ. ಸಾಸಿವೆ ಎಣ್ಣೆಯ ಘಾಟಿಗೆ ಮೊದಮೊದಲು ಕಣ್ಣೀರು ಬರುತ್ತಿತ್ತು, ಈಗ ಹಸಿವಾಗುತ್ತದೆ. ನಾನು ಒಂದು ಭಾನುವಾರ ರಾಗಿಮುದ್ದೆ ಕಟ್ಟಿ ಮಾಶಿಮಾ ಮುಂದಿಟ್ಟೆ. ಕತ್ತಲೆ ಬಣ್ಣದ ಉಂಡೆ ನೋಡಿ ಅವರು ತಟ್ಟೆಯನ್ನು ಸುತ್ತ ತಿರುಗಿಸಿದರು, ಯಾವ ಕಡೆಯಿಂದ ಶುರುಮಾಡುವುದೆಂದು. ನುಂಗಬೇಕು, ಅಗಿಯಬಾರದು ಎಂದೆ. ಅಗಿದೇ ತಿಂದರು, ಚೆನ್ನಾಗಿದೆ ಎಂದು ಸುಳ್ಳೂ ಹೇಳಿದರು. ಅವತ್ತಿನಿಂದ ನನಗೆ ಅವರ ಮೇಲೆ ಪ್ರೀತಿ.

ಒಂಟಿತನ ಇರಲಿಲ್ಲವೆಂದಲ್ಲ. ಹೊಳೆನರಸೀಪುರಕ್ಕೆ ಹೋದಾಗೆಲ್ಲ ಹೇಮಾವತಿ ನೋಡಿ ಬೆಳೆದ ಕಣ್ಣಿಗೆ ಇಲ್ಲಿಯ ಗಂಗೆಯ ಅಗಲ ಕಂಡರೆ ಎದೆ ಖಾಲಿಯಾಗುತ್ತಿತ್ತು. ಆಚೆ ದಡ ಇಷ್ಟು ದೂರ ಇರುವ ನದಿಯನ್ನು ನಮ್ಮದು ಅನ್ನುವುದು ಹೇಗೆ? ಆದರೂ ಸಂಜೆ ಲ್ಯಾಬಿನಿಂದ ಬರುವ ದಾರಿಯಲ್ಲಿ ಫುಚ್ಕಾ ತಿನ್ನುವುದೊಂದಿತ್ತು. ನಮ್ಮ ಪಾನಿಪುರಿಯೇ, ಆದರೆ ಒಳಗೆ ಹುಳಿ ಖಾರದ ಆಲೂಗಡ್ಡೆ. ದೊನ್ನೆಯಲ್ಲಿ ಒಂದೊಂದಾಗಿ ಕೊಟ್ಟು, ಎಲ್ಲ ಮುಗಿದ ಮೇಲೆ ಗಾಡಿಯವನು ಇನ್ನೊಂದು ಒಣ ಪುರಿ ಇಟ್ಟು ಸುಮ್ಮನೆ ತಲೆಯಾಡಿಸುತ್ತಾನೆ. ಅದಕ್ಕೆ ಫಾವ್ ಎನ್ನುತ್ತಾರೆ. ಲೆಕ್ಕಕ್ಕೆ ಸೇರದ, ಮೇಲೊಂದು. ಅಯ್ಯೋ, ಇದು ನಮ್ಮ ಕೊಸರಲ್ಲವೇ ಎಂದು ನನಗೆ ಬೀದಿಯಲ್ಲೇ ನಗು ಬಂತು. ಕೊಸರು ಕೊಡುವ ಊರಲ್ಲಿ ಬದುಕಬಹುದು ಅನ್ನಿಸಿತು. ಆ ಕೊಸರೇ ನನ್ನ ಕುತ್ತಿಗೆಗೆ ಬಂದಿದೆ ಎಂದು ಆಗ ಗೊತ್ತಿರಲಿಲ್ಲ.

ನನ್ನ ಕೆಲಸ ಏನೆಂದರೆ, ಟ್ಯುಬ್ಯುಲಿನ್ ಮಣಿಗಳು ನಳಿಕೆಯಾಗಲು ಕೋಶದೊಳಗೆ ಬೇರೆ ಕೆಲವು ಪ್ರೋಟೀನುಗಳು ನೆರವಾಗುತ್ತವೆ. ಅಂಥದ್ದೊಂದು ನೆರವಿನ ಪ್ರೋಟೀನು ನಿಜಕ್ಕೂ ನಳಿಕೆ ಕಟ್ಟಿಸುತ್ತದೆಯೇ ಎಂದು ತೋರಿಸುವುದು. ಕೋಲಾಟ ನೆನಪು ಮಾಡಿಕೊಳ್ಳಿ. ಜನ ಒತ್ತಾಗಿ ಸೇರಿದ್ದರೆ ಯಾರೂ ಕರೆಯದೆ ಸುತ್ತು ಕಟ್ಟಿಕೊಳ್ಳುತ್ತದೆ. ಜನ ಕಡಿಮೆಯಿದ್ದರೆ ಒಬ್ಬ ಗುರು ಬೇಕು, ಕೈಹಿಡಿದು ನಿಲ್ಲಿಸುವುದಕ್ಕೆ. ಮಣಿಗಳೂ ಹಾಗೇ. ಒಂದು ಮಟ್ಟಕ್ಕಿಂತ ದಟ್ಟವಾದರೆ ತಾವೇ ಕೂಡುತ್ತವೆ. ಆ ಮಟ್ಟಕ್ಕಿಂತ ಚೂರು ಕೆಳಗಿದ್ದರೆ ಕೂಡುವುದಿಲ್ಲ, ನೆರವು ಬಂದರೆ ಮಾತ್ರ ಕೂಡುತ್ತವೆ. ನಾನು ಆ ಮಟ್ಟಕ್ಕಿಂತ ಚೂರೇ ಕೆಳಗೆ ಅಳತೆ ಮಾಡಿ ಎರಡು ಟ್ಯೂಬುಗಳಲ್ಲಿ ಮಣಿಗಳನ್ನು ಹಾಕಬೇಕು. ಒಂದಕ್ಕೆ ನೆರವಿನ ಪ್ರೋಟೀನು ಸೇರಿಸಬೇಕು, ಇನ್ನೊಂದಕ್ಕೆ ಬೇಡ. ಎರಡನ್ನೂ ಬೆಚ್ಚಗೆ ಮಾಡಿದರೆ ನೆರವಿದ್ದದ್ದು ಮಬ್ಬಾಗಬೇಕು, ಇಲ್ಲದ್ದು ತಿಳಿನೀರಿನಂತೆ ಇರಬೇಕು. ನನ್ನ ಕೈಯಲ್ಲಿ ಎರಡೂ ಮಬ್ಬಾಗುತ್ತಿದ್ದವು.

ಒಂದು ಸಲವಲ್ಲ, ಪ್ರತಿ ಸಲ. ಎರಡೂ ಮಬ್ಬಾದರೆ ನೆರವಿನ ಪ್ರೋಟೀನು ಏನೂ ಮಾಡುತ್ತಿಲ್ಲ ಎಂದೇ ಅರ್ಥ. ನಮ್ಮ ಲ್ಯಾಬಿನ ಮುಖ್ಯಸ್ಥೆ ಮೇಡಂ ಕೂಗಾಡುವವರಲ್ಲ, ಅದೇ ಕಷ್ಟ. ನನ್ನದೇ ಮಣಿಗಳನ್ನು, ನನ್ನದೇ ಪ್ರೋಟೀನನ್ನು ಪಕ್ಕದ ಮೇಜಿನ ಶುಭೊನಿಗೆ ಕೊಟ್ಟು ಮಾಡಿಸಿದರು. ಅವನು ನನಗಿಂತ ಮುಂಚೆ ಸೇರಿದ ವಿದ್ಯಾರ್ಥಿ. ಅವನ ಕೈಯಲ್ಲಿ ಒಂದು ಮಬ್ಬು, ಒಂದು ತಿಳಿ. ಮೇಡಂ ಮೆಲ್ಲಗೆ ಹೇಳಿದರು, ದುರ್ಗಾಪೂಜೆಯ ರಜೆ ಮುಗಿದ ಮೇಲೆ ನಿನ್ನ ಕೆಲಸದ ಪರಿಶೀಲನೆ ಇದೆ, ಅಷ್ಟರೊಳಗೆ ನಿನ್ನ ಕೈಯಲ್ಲಿ ತಿಳಿ ಬರದಿದ್ದರೆ ಇದನ್ನು ಶುಭೊ ಮುಂದುವರಿಸಲಿ, ನಿನಗೆ ಬೇರೆ ಏನಾದರೂ ನೋಡೋಣ. ಅದು ನನ್ನ ಪ್ರೋಟೀನು. ಅದನ್ನು ಬೇರ್ಪಡಿಸಿದ್ದು ನಾನು, ಅದರ ಹಿಂದೆ ಬೆಳಗಿನ ಓಣಿಗಳನ್ನು ತಿರುಗಿದ್ದು ನಾನು. ಅದು ಕೆಲಸ ಮಾಡುತ್ತದೆಂದು ನನಗೆ ಅನುಮಾನವೇ ಇರಲಿಲ್ಲ. ಕೆಟ್ಟಿದ್ದು ಕೈ. ಆದರೆ ಕೈಯಲ್ಲಿ ಏನು ಕೆಟ್ಟಿದೆ?

ನವರಾತ್ರಿಗೆ ಊರಿಗೆ ಬಂದೆ. ಬೆಂಗಳೂರಿನಿಂದ ಹಿಡಿದ ರೈಲು ಶ್ರವಣಬೆಳಗೊಳ ದಾಟುವಾಗ ಬಾಗಿಲಿಗೆ ಬಂದು ನಿಂತಿದ್ದೆ, ಯಾರೋ ಕರೆಯುತ್ತಿದ್ದಾರೆ ಎಂಬಂತೆ. ಮಾರನೆಯ ಬೆಳಿಗ್ಗೆ ಅವ್ವ ಲಿಂಗಪೂಜೆಗೆ ಕೂತಿದ್ದಳು, ನಾನು ಅಂಗಡಿಯಲ್ಲಿದ್ದೆ. ದಂಡಿಗನಹಳ್ಳಿಯ ಬೋರೇಗೌಡರು ಸ್ಕೂಟರು ನಿಲ್ಲಿಸಿ ಚೀಲ ಹಿಡಿದು ಬಂದರು. ಅವರ ಮನೆಯ ದನಗಳಿಗೆ ನಾನು ಹುಟ್ಟುವ ಮುಂಚಿನಿಂದಲೂ ನಮ್ಮದೇ ಹಿಂಡಿ.

"ಏನವ್ವಾ, ಯಾವಾಗ್ ಬಂದೆ? ಮೇಕೆ ತಲೇಲಿ ಏನೋ ಉಡುಕ್ತಾ ಅವ್ಳೆ ಅಂದ್ಲು ನಿಮ್ಮವ್ವ. ಸಿಕ್ತಾ?"

"ಸಿಕ್ತು ಗೌಡ್ರೆ. ಅಳತೆ ಕೂತ್ಕೊಂಡಿಲ್ಲ, ಅಷ್ಟೇಯ."

"ಆಗ್ತದೆ ಬುಡು. ಓದೋ ಕಡೆ ಅವಸರ ಮಾಡ್ಬಾರ್ದು. ಕಡ್ಲೆಕಾಯಿ ಇಂಡಿ ಆಕು, ದಿನಾ ಒಯ್ಯೋವಷ್ಟು."

ತಕ್ಕಡಿಯ ಮೇಲೆ ಬುಟ್ಟಿ ಇಟ್ಟು ಹಿಂಡಿ ಸುರಿದೆ. ಈಗ ಅಂಗಡಿಯಲ್ಲಿ ಕೆಂಪು ಅಂಕಿ ತೋರಿಸುವ ತಕ್ಕಡಿ. ಅಂಕಿ ಸರಿಯಾಗಿ ನಿಂತಿತು. ಬುಟ್ಟಿಯನ್ನು ಅವರ ಚೀಲಕ್ಕೆ ಬಗ್ಗಿಸಿದೆ. ಬಗ್ಗಿಸಿ ಮುಗಿಯುವಷ್ಟರಲ್ಲಿ ನನ್ನ ಬಲಗೈ ಮೂಟೆಗೆ ಹೋಗಿ, ಒಂದು ಹಿಡಿ ಹಿಂಡಿ ತೆಗೆದು ಚೀಲದೊಳಗೆ ಹಾಕಿ ವಾಪಸು ಬಂದಿತ್ತು. ನಾನು ಹಾಕು ಎಂದಿರಲಿಲ್ಲ. ಗೌಡರು ಗಮನಿಸಲೂ ಇಲ್ಲ, ಹಾಕದಿದ್ದರೆ ಗಮನಿಸುತ್ತಿದ್ದರು. "ರವೆಬೂಸಾನೂ ಆಕವ್ವ" ಎಂದರು. ಈ ಸಲ ಕೈಯನ್ನೇ ನೋಡುತ್ತ ತೂಗಿದೆ. ಅಂಕಿ ನಿಂತಿತು, ಚೀಲಕ್ಕೆ ಸುರಿದೆ, ಕೈ ಮತ್ತೆ ಹೋಯಿತು, ಒಂದು ಹಿಡಿ ಹಾಕಿತು.

ಲ್ಯಾಬಿನ ಪಿಪೆಟ್ಟು ನೆನಪಾಯಿತು. ಪಿಪೆಟ್ಟು ಎಂದರೆ ಹನಿಗಿಂತ ಸಣ್ಣ ಅಳತೆ ಎತ್ತುವ ಸಾಧನ. ಮೇಲೆ ಹೆಬ್ಬೆರಳಿನಿಂದ ಒತ್ತುವ ಗುಂಡಿ ಇರುತ್ತದೆ. ಆ ಗುಂಡಿಗೆ ಎರಡು ತಡೆ. ನಮ್ಮ ಮಣಿಗಳ ದ್ರಾವಣ ಜೇನಿನಂತೆ ಅಂಟು, ಹಾಗಾಗಿ ಬೇಕಾದ್ದಕ್ಕಿಂತ ಚೂರು ಹೆಚ್ಚಾಗಿಯೇ ಎಳೆದುಕೊಂಡು, ಮೊದಲ ತಡೆಯವರೆಗೆ ಮಾತ್ರ ಒತ್ತಿ ಅಳತೆಯಷ್ಟನ್ನು ಬಿಡಬೇಕು. ತುದಿಯಲ್ಲಿ ಉಳಿದದ್ದನ್ನು ಎಸೆಯಬೇಕು. ಇದು ಮೊದಲ ದಿನವೇ ಕಲಿಸಿದ ಪಾಠ, ನಾನು ಬಾಯಿಪಾಠ ಒಪ್ಪಿಸಬಲ್ಲೆ. ಆದರೆ ಅಳತೆ ಬಿದ್ದ ಮೇಲೆ ನನ್ನ ಹೆಬ್ಬೆರಳು ಎರಡನೆಯ ತಡೆಗೂ ಇಳಿದು, ಉಳಿದ ತೊಟ್ಟನ್ನೂ ಟ್ಯೂಬಿಗೆ ಬಿಟ್ಟು ಬರುತ್ತಿತ್ತು. ಕೊಸರು. ಆ ತೊಟ್ಟಿಗೇ ಮಣಿಗಳು ದಟ್ಟವಾಗಿ, ಗುರು ಇಲ್ಲದೆ ತಾವೇ ಸುತ್ತು ಕಟ್ಟಿಕೊಳ್ಳುತ್ತಿದ್ದವು.

ನಾನು ನಕ್ಕುಬಿಟ್ಟೆ. ಗೌಡರು ಚೀಲ ಕಟ್ಟುತ್ತ, "ಯಾಕವ್ವಾ?" ಎಂದರು.

"ಕಳ್ಳ ಸಿಕ್ದ ಗೌಡ್ರೆ."

"ಯಾರವ್ವಾ ಅವ್ನು?"

ನನ್ನ ಬಲಗೈ ಎತ್ತಿ ತೋರಿಸಿದೆ. ಅವರಿಗೇನು ಅರ್ಥವಾಯಿತೋ, ತಲೆಯಾಡಿಸಿ ಸ್ಕೂಟರು ಹತ್ತಿದರು. ಪೂಜೆ ಮುಗಿಸಿ ಬಂದ ಅವ್ವನಿಗೆ ವಿಷಯ ಹೇಳಿದೆ. ಅವಳಿಗೆ ನಗು ಬರಲಿಲ್ಲ.

"ಮೇಕೆ ಮಿದುಳ್ಗೂ ಕೊಸರು ಆಕ್ದ್ಯಾ?" ಎಂದಳು. "ಆಕ್ದೆ ಏನ್ ಮಾಡೀಯೆ. ನಡೆಯಕ್ಕೆ ಕಲ್ತಾಗ್ಲಿಂದ ನನ್ ಪಕ್ಕ ಕುಂತು ಅದ್ನೇ ನೋಡಿದ್ದು. ತೂಕ ಸರ್ಕಾರದ್ದು ಕಣವ್ವ, ಕೊಸರು ನಮ್ದು. ತೂಕ ಎಲ್ಲ ಅಂಗ್ಡೀಲೂ ಒಂದೇಯ."

"ಅಲ್ಲಿ ಕೊಸರು ಆಕಿದ್ರೆ ಕೆಲ್ಸ ಓಯ್ತದವ್ವ."

"ಅಂಗಾರೆ ಅಲ್ಲಿ ಆಕ್ಬ್ಯಾಡ. ಆ ಕೈನ ಇಲ್ಲೇ ಬುಟ್ಟು ಓಗು."

ತಮಾಷೆಗೆ ಅಂದಳು, ನಾನು ಹಾಗೇ ಮಾಡಿದೆ. ಕಲ್ಕತ್ತೆಗೆ ಮರಳಿ ಬಲಗೈಯನ್ನು ತಿದ್ದಲು ಕೂತರೆ ಅದು ಕೇಳಲಿಲ್ಲ. ಕಣ್ಣಿಟ್ಟು ನೋಡುವವರೆಗೆ ಸರಿ, ಮನಸ್ಸು ಅತ್ತ ಹೋದ ಕೂಡಲೇ ಹೆಬ್ಬೆರಳು ಕೆಳಗೆ. ಹುಟ್ಟುಗುಣ ಸುಟ್ಟರೂ ಹೋಗದು. ಆಗ ಎಡಗೈ ನೆನಪಾಯಿತು. ನಮ್ಮ ಅಂಗಡಿಯಲ್ಲಿ ಎಡಗೈಯಿಂದ ಯಾರಿಗೂ ಏನೂ ಕೊಟ್ಟವಳಲ್ಲ ನಾನು. ಚಿಕ್ಕವಳಿದ್ದಾಗ ಒಮ್ಮೆ ಎಡಗೈ ಚಾಚಿ ಅವ್ವನಿಂದ ಏಟು ತಿಂದಿದ್ದೆ. ಹಾಗಾಗಿ ಆ ಕೈಗೆ ಕೊಸರು ಎಂದರೇನೆಂದೇ ಗೊತ್ತಿಲ್ಲ. ಪಿಪೆಟ್ಟನ್ನು ಎಡಗೈಗೆ ಕೊಟ್ಟೆ. ಮೊದಮೊದಲು ಬರೆಯಲು ಕಲಿಯುವ ಮಗುವಿನಂತೆ ನಡುಗಿತು. ಗ್ಲಿಸರಿನ್ ಬೆರೆಸಿದ ಬಣ್ಣದ ನೀರಿನಲ್ಲಿ ಅಭ್ಯಾಸ ಮಾಡಿದೆ, ಸಣ್ಣ ತಕ್ಕಡಿಯಲ್ಲಿ ತೂಗಿ ತೂಗಿ ನೋಡಿದೆ. ಮಾಶಿಮಾ ಮನೆಯಲ್ಲಿ ಎಡಗೈಯಿಂದ ಚಹಾ ಸೋಸಿ ಬೈಸಿಕೊಂಡೆ, ಅವರಲ್ಲೂ ಎಡಗೈ ಎಂದರೆ ನಮ್ಮ ಹಾಗೇ ಮೈಲಿಗೆ. ಕೊನೆಗೆ ಕೈ ನಿಂತಿತು. ಮೊದಲ ತಡೆಗೆ ಬಂದು, ಉಳಿದದ್ದನ್ನು ತುದಿಯಲ್ಲೇ ಇಟ್ಟುಕೊಂಡು, ಸಂಕೋಚವಿಲ್ಲದೆ ಮೇಲೆದ್ದು ಬಂತು.

ಪರಿಶೀಲನೆಯ ಹಿಂದಿನ ದಿನ ಮೇಡಂ ನನ್ನ ಪಕ್ಕದಲ್ಲೇ ನಿಂತು ನೋಡಿದರು. ಎರಡು ಟ್ಯೂಬು, ಎರಡೂ ಎಡಗೈಯವು. ಬೆಚ್ಚನೆಯ ಉಪಕರಣದೊಳಗೆ ಇಟ್ಟೆವು. ಪರದೆಯ ಮೇಲೆ ಒಂದು ಗೆರೆ ನಿಧಾನವಾಗಿ ಏಳತೊಡಗಿತು, ಅದು ನೆರವಿದ್ದ ಟ್ಯೂಬು. ಇನ್ನೊಂದು ಗೆರೆ ನೆಲ ಬಿಟ್ಟು ಏಳಲೇ ಇಲ್ಲ. ಆ ಟ್ಯೂಬು ಹೊರಗೆ ತೆಗೆದು ಬೆಳಕಿಗೆ ಹಿಡಿದರೆ ಅದರ ಹಿಂದೆ ಇದ್ದ ಮೇಡಂ ಬೆರಳ ಗೆರೆ ಕಾಣುತ್ತಿತ್ತು, ಅಷ್ಟು ತಿಳಿ. ಸೂಕ್ಷ್ಮದರ್ಶಕದಲ್ಲಿ ಮಬ್ಬಿನ ಹನಿ ನೋಡಿದೆವು. ಉದ್ದುದ್ದ ನಳಿಕೆಗಳು, ಬಾಚಿದ ಕೂದಲಿನಂತೆ. "ಏಯ್ ತೊ" ಎಂದರು ಮೇಡಂ. ನೋಡು, ಬಂತಲ್ಲ, ಎಂದು ಅದರರ್ಥ. ನನ್ನ ಪ್ರೋಟೀನು ನನ್ನಲ್ಲೇ ಉಳಿಯಿತು. ಮಾರನೆಯ ದಿನದ ಪರಿಶೀಲನೆಯಲ್ಲಿ ನಾನು ಒಂದು ಪ್ರಶ್ನೆಗೂ ತೊದಲಲಿಲ್ಲ. ಸಂಜೆ ಫುಚ್ಕಾದವನು ಫಾವ್ ಕೊಟ್ಟಾಗ ಇನ್ನೊಂದು ಫಾವ್ ಕೇಳಿ, ಬಂಗಾಳಿಯಲ್ಲೇ ಜಗಳವಾಡಿ ಗಿಟ್ಟಿಸಿಕೊಂಡೆ. ಆ ಊರು ನನ್ನದಾಗಿದ್ದು ಅವತ್ತು ಎಂದು ನನ್ನ ಲೆಕ್ಕ.

ಈಗ ಎಲ್ಲ ಕೆಲಸಕ್ಕೂ ಎಡಗೈಯೇ ಮುಂದೆ ಬರುತ್ತದೆ. ಬೀಗ, ಫೋನು, ಬಸ್ಸಿನ ಕಂಬಿ. ಹಾಗೇ ಆದದ್ದು ನನ್ನ ಅರಿವಿಗೇ ಬಂದಿರಲಿಲ್ಲ, ಈ ಶಿವರಾತ್ರಿಗೆ ಊರಿಗೆ ಬರುವವರೆಗೆ.

ಅವ್ವ ಒಳಗೆ ಪೂಜೆಯಲ್ಲಿದ್ದಳು, ಅಂಗಡಿಯಲ್ಲಿ ನಾನಿದ್ದೆ, ಬೋರೇಗೌಡರು ಚೀಲ ತಂದರು. ಹಿಂಡಿ ತೂಗಿದೆ, ಅಂಕಿ ನಿಂತಿತು, ಚೀಲಕ್ಕೆ ಸುರಿದೆ. ಬುಟ್ಟಿ ಕೆಳಗಿಟ್ಟು ಮುಂದಿನ ಗಿರಾಕಿಯ ಕಡೆ ತಿರುಗಿದೆ. ಗೌಡರು ಕದಲಲಿಲ್ಲ. ಚೀಲದ ಬಾಯಿ ಹಾಗೇ ತೆರೆದುಕೊಂಡು ನಿಂತಿದ್ದರು. ಕೇಳಲು ಅವರಿಗೆ ಸಂಕೋಚ, ಕೊಸರು ಕೇಳಿ ಪಡೆಯುವುದಲ್ಲ.

"ಯಾಕ್ ಗೌಡ್ರೆ, ಇನ್ನೇನಾರ ಬೇಕಿತ್ತಾ?"

"ಏನಿಲ್ಲ ಕಣವ್ವ." ನನ್ನ ಕೈ ಕಡೆ ನೋಡಿ ಅಂದರು, "ಎಡಗೈಲಿ ಸುರಿದ್ಯಲ್ಲ, ಅದ್ಕೆ."

ಎಡಗೈ ನೋಡಿಕೊಂಡೆ, ಹಿಂಡಿಯ ಪುಡಿ ಅದಕ್ಕೇ ಮೆತ್ತಿತ್ತು. ಬಲಗೈ ಸುಮ್ಮನೆ ಪಕ್ಕದಲ್ಲಿ ಇಳಿಬಿದ್ದಿತ್ತು, ಯಾರೋ ನೆಂಟರ ಮನೆಗೆ ಬಂದು ಏನು ಮಾಡಬೇಕೆಂದು ತಿಳಿಯದೆ ನಿಂತ ಹಾಗೆ. ಒಳಗಿನ ಬಾಗಿಲಲ್ಲಿ ವಿಭೂತಿ ಇಟ್ಟುಕೊಂಡು ಅವ್ವ ಬಂದು ನಿಂತಿದ್ದಳು. ಎಲ್ಲ ನೋಡಿದ್ದಾಳೆ ಎಂದು ಅವಳ ಮುಖವೇ ಹೇಳಿತು. ಅಲ್ಲಿ ಯಾವುದರಿಂದ ಗೆದ್ದು ಬಂದೆನೋ ಅದಕ್ಕೇ ಇಲ್ಲಿ ನಾಚಿಕೆಯಾಯಿತು, ಕಣ್ಣು ತುಂಬಿತು.

ಮೂಟೆಗೆ ಬಲಗೈ ಹಾಕಿದೆ. ಒಂದು ಹಿಡಿ ಎಂದರೆ ಎಷ್ಟು ಎಂದು ಬದುಕಿನಲ್ಲಿ ಮೊದಲ ಸಲ ಯೋಚಿಸಬೇಕಾಯಿತು. ಅಂದಾಜಿನಲ್ಲಿ ತೆಗೆದು ಗೌಡರ ಚೀಲಕ್ಕೆ ಹಾಕಿದೆ.

"ಇಸಾಲು," ಎಂದಳು ಅವ್ವ, "ಇನ್ನೊಂಚೂರು ಆಕು."